ಏ.ಸಿ. ಕ್ಯಾಬಿನ್ನಿನಲ್ಲಿ ಅಳೆದ ಸೆಕೆ

ಆ ಪುಟ್ಟ ಯಂತ್ರದೊಳಗೆ ಡೆಸ್ಕ್‌ಟಾಪ್ ಲಿನಕ್ಸ್ ತುಂಬಿಸು ಎಂದು ನನಗೆ ಯಾರೂ ಹೇಳಿರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರ್ ಹೇಳಿದ್ದು ಬೇರೆ. "ನೋಡಮ್ಮ, ಇಂಡಸ್ಟ್ರಿಯಲ್ ಏರಿಯಾದ ನಮ್ಮ ಸ್ಟೋರಲ್ಲಿ ಹ್ಯಾಂಡ್‌ಹೆಲ್ಡ್‌ಗಳು ಸುಮ್ನೆ ಬಿದ್ದಿವೆ. ಸೆಕೆ ಅಳೆಯೋಕೆ ಅಂತ ಹೊಸ ಮೆಷಿನ್ ಯಾಕೆ? ಅದರಲ್ಲೇ ಏನಾದ್ರೂ ಮಾಡು."

ಅವರು ಮೈಸೂರಿನ ಕಡೆಯವರು, ನಾನೂ ಅಲ್ಲಿಯವಳೇ. ಅದೊಂದೇ ಕಾರಣಕ್ಕೆ ಅವರು ನನ್ನನ್ನು ಏಕವಚನದಲ್ಲಿ ಮಾತನಾಡಿಸುತ್ತಿದ್ದರು. ಕಚೇರಿಯಲ್ಲಿ ಬೇರೆ ಯಾವ ಎಂಜಿನಿಯರನ್ನೂ ಹಾಗೆ ಮಾತನಾಡಿಸುತ್ತಿರಲಿಲ್ಲ.

ಅದು 2009ರ ಮಾತು. ನಮ್ಮದು ದೋಹಾದ ಹೊರಭಾಗದಲ್ಲಿ ಒಳಚರಂಡಿ ಪೈಪು ಹೂಳುವ ಗುತ್ತಿಗೆಯ ಕಂಪನಿ. ನಗರದೊಳಗೆ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಕಚೇರಿಯಲ್ಲಿ ಪ್ರೋಗ್ರಾಮ್ ಬರೆಯಬಲ್ಲವಳು ನಾನೊಬ್ಬಳೇ. ಕೆಲಸದ ಮೇಲ್ವಿಚಾರಣೆಗಿದ್ದ ಕನ್ಸಲ್ಟೆಂಟರು ಆ ವರ್ಷ ಹೊಸ ಷರತ್ತು ಹಾಕಿದ್ದರು: ಪೈಪಿಗಾಗಿ ತೋಡಿದ ಪ್ರತಿ ಟ್ರೆಂಚಿನ ಪಕ್ಕದಲ್ಲೂ ಸೆಕೆಯನ್ನು ಅಳೆಯಬೇಕು, ಮಿತಿ ದಾಟಿದರೆ ಕೆಂಪು ಬಾವುಟ ಏರಿಸಿ ಜನರನ್ನು ನೆರಳಿಗೆ ಕರೆಸಬೇಕು, ವಾರಕ್ಕೊಮ್ಮೆ ರೀಡಿಂಗ್ ಕಳಿಸಬೇಕು. ಕಡು ಬೇಸಿಗೆಯಲ್ಲಿ ಮಧ್ಯಾಹ್ನದ ಹೊರಗೆಲಸ ನಿಲ್ಲಿಸುವ ಸರ್ಕಾರಿ ನಿಯಮ ಆಗಸ್ಟಿಗೆ ಮುಗಿಯುತ್ತದೆ. ಆಮೇಲಿನ ತಿಂಗಳು ಬಿಸಿಲು ಕೊಂಚ ತಗ್ಗಿದಂತೆ ಕಂಡರೂ ಸಮುದ್ರದ ಕಡೆಯಿಂದ ತೇವ ನುಗ್ಗುತ್ತದೆ, ಬೆವರು ಮೈಮೇಲೆಯೇ ನಿಲ್ಲುತ್ತದೆ. ಷರತ್ತು ಇದ್ದದ್ದು ಮುಖ್ಯವಾಗಿ ಆ ದಿನಗಳಿಗಾಗಿ.

ಸೆಕೆ ಅಳೆಯುವ ಸಾಧನ ಸರಳವಾದದ್ದು. ಒಂದು ಕೋಲಿನ ಮೇಲೆ ಮೂರು ಥರ್ಮಾಮೀಟರುಗಳು. ಒಂದು ಗಾಳಿಯ ಬಿಸಿಯನ್ನು ಹೇಳುತ್ತದೆ. ಒಂದಕ್ಕೆ ಒದ್ದೆ ಬತ್ತಿ ಸುತ್ತಿರುತ್ತದೆ, ಅದು ಬೆವರು ಎಷ್ಟು ಆರಬಲ್ಲದು ಎಂದು ಹೇಳುತ್ತದೆ. ಮತ್ತೊಂದು ಕಪ್ಪು ಗೋಳದೊಳಗಿರುತ್ತದೆ, ಅದು ಬಿಸಿಲಿನ ಹೊಡೆತ ಹೇಳುತ್ತದೆ. ಮೂರನ್ನೂ ಸೇರಿಸಿ ಲೆಕ್ಕ ಹಾಕಿ ಹಸಿರು, ಹಳದಿ, ಕೆಂಪು ತೋರಿಸುವ ಪ್ರೋಗ್ರಾಮನ್ನು ತಯಾರಕರು ಕೊಟ್ಟಿದ್ದರು. ಆದರೆ ಅದು ಬರೆದದ್ದು ಮೇಜಿನ ಮೇಲಿನ ಲಿನಕ್ಸ್ ಕಂಪ್ಯೂಟರಿಗೆ. ಸ್ಟೋರಿನ ಆ ಹ್ಯಾಂಡ್‌ಹೆಲ್ಡ್ ಕೈಗಣಕಗಳಲ್ಲಿದ್ದ, ಕತ್ತರಿಸಿ ಚಿಕ್ಕದು ಮಾಡಿದ ವ್ಯವಸ್ಥೆಯಲ್ಲಿ ಅದಕ್ಕೆ ಬೇಕಾದ ಲೈಬ್ರರಿಗಳಲ್ಲಿ ಅರ್ಧವೂ ಇರಲಿಲ್ಲ. ಒಂದೊಂದನ್ನೇ ತಂದು ಹೊಂದಿಸುವ ಬದಲು ಇಡೀ ಡೆಸ್ಕ್‌ಟಾಪ್ ವ್ಯವಸ್ಥೆಯನ್ನೇ ಒಳಗೆ ಇಳಿಸುವುದು ಎಂದು ತೀರ್ಮಾನಿಸಿದೆ.

ಯಂತ್ರ ಕನ್ನಡಕದ ಡಬ್ಬಿಯಂತೆ ತೆರೆಯುತ್ತಿತ್ತು. ಒಳಗೆ ಸಣ್ಣ ಕೀಲಿಮಣೆ, ಅಂಗೈಯಗಲದ ಪರದೆ. ಮೊದಲು ಮೆಮರಿ ಕಾರ್ಡಿನಲ್ಲಿ ಲಿನಕ್ಸ್ ಹರಡಿ ಪ್ರಯತ್ನಿಸಿದೆ. ಕಾರ್ಡಿನ ಮೂಲ ಫಾರ್ಮ್ಯಾಟಿನಲ್ಲಿ ಕಡತದಿಂದ ಕಡತಕ್ಕೆ ಕೊಂಡಿ ಹಾಕಲು ಬರುವುದಿಲ್ಲ, ಅರ್ಧ ದಾರಿಯಲ್ಲೇ ನಿಂತಿತು. ಕಾರ್ಡನ್ನು ಬೇರೆ ರೀತಿ ಫಾರ್ಮ್ಯಾಟ್ ಮಾಡಿದೆ. ಆಮೇಲೆ, ವ್ಯವಸ್ಥೆಯ ತಿರುಳಾದ ಕರ್ನಲ್ ತೀರ ಹಳೆಯದು ಎಂಬ ಒಂದೇ ಸಾಲು ತೋರಿಸಿ ಸುಮ್ಮನಾಯಿತು. ಹೊಸ ಕರ್ನಲನ್ನು ಕಚೇರಿಯ ಕಂಪ್ಯೂಟರಿನಲ್ಲಿ ಈ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿ, ಬ್ಯಾಟರಿ ತೆಗೆದು, ಎರಡು ಕೀಲಿ ಒತ್ತಿ ಹಿಡಿದು ಅದರೊಳಗೆ ಬರೆಯಬೇಕಾಯಿತು. ಯಂತ್ರ ಎದ್ದಿತು, ಆದರೆ ಥರ್ಮಾಮೀಟರುಗಳ ಸೆನ್ಸರು ಅದಕ್ಕೆ ಕಾಣಿಸಲಿಲ್ಲ. ಅದನ್ನು ಗುರುತಿಸುವ ಮಾಡ್ಯೂಲನ್ನು ಸೇರಿಸುವುದು ಮರೆತಿದ್ದೆ. ಮತ್ತೆ ಕಂಪೈಲ್, ಮತ್ತೆ ಬ್ಯಾಟರಿ. ಕೊನೆಗೆ ಪ್ರೋಗ್ರಾಮ್ ತೆರೆದುಕೊಂಡಿತು. ಅದರ ಕಿಟಕಿ ಪರದೆಗಿಂತ ದೊಡ್ಡದಾಗಿ, ಒತ್ತಬೇಕಾದ ಬಟನ್ ಪರದೆಯ ಕೆಳಗೆಲ್ಲೋ ಉಳಿದಿತ್ತು. ಅದನ್ನೂ ತಿದ್ದಿದೆ. ಮೇಜಿನ ಮೇಲೆ ಮೂರೂ ಅಂಕಿಗಳು ಬಂದ ದಿನ ನನಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕೈಗಣಕ ಸೈಟಿಗೆ ಹೋಯಿತು. ಅಲ್ಲಿನ ಸೇಫ್ಟಿ ಸೂಪರ್‌ವೈಸರ್ ಉಡುಪಿಯ ಕಡೆಯವರು, ನನಗಿಂತ ಹತ್ತಾರು ವರ್ಷ ಹಿರಿಯರು. ಪ್ರತಿ ಸಂಜೆ ಅವರು ರೀಡಿಂಗ್ ಕಳಿಸುತ್ತಿದ್ದರು, ನಾನು ವಾರಕ್ಕೊಮ್ಮೆ ಕನ್ಸಲ್ಟೆಂಟರಿಗೆ ಸಾಗಿಸುತ್ತಿದ್ದೆ. ಎಲ್ಲವೂ ಹಸಿರು. ಐಟಿ ವಿಭಾಗದ ಮುಖ್ಯಸ್ಥರು ಮೀಟಿಂಗಿನಲ್ಲಿ, "ನಮ್ಮ ವಿಭಾಗ ಮಾಡಿದ್ದು," ಎಂದರು.

ಈದ್ ರಜೆ ಮುಗಿದ ವಾರ ಸೂಪರ್‌ವೈಸರ್ ಫೋನ್ ಮಾಡಿದರು.

"ಮೇಡಂ, ಮೊನ್ನೆಯ ರೀಡಿಂಗಿನ ಒಂದು ಪ್ರಿಂಟ್ ಬೇಕಂತೆ ಮಾರಾಯ್ರೆ, ಪ್ರಾಜೆಕ್ಟ್ ಮ್ಯಾನೇಜರಿಗೆ."

"ಯಾಕೆ?"

"ಪೈಪಿನ ಗ್ಯಾಂಗಿನವ ಒಬ್ಬ ಬಿದ್ದ. ಟ್ರೆಂಚಿನಿಂದ ಹತ್ತಿ ಬಂದು ಸಾರ್ ಅವರ ಕ್ಯಾಬಿನ್ ಬಾಗಿಲಲ್ಲಿ ನಿಂತು, ಸೆಕೆ ತಡೀಲಿಕ್ಕೆ ಆಗೂದಿಲ್ಲ ಅಂತ ಹೇಳಿದ. ಸಾರ್ ಮೆಷಿನ್ ನೋಡಿದ್ರು. ಹಸಿರು. ಹೋಗು ಹೋಗು, ಯಲ್ಲಾ, ಬೇಗ ಅಂದ್ರು. ಇಳಿದ. ಮತ್ತೆ ವಾಂತಿ, ಎಚ್ಚರ ಇಲ್ಲ. ಈಗ ಆರಾಮ ಇದ್ದಾನೆ. ಆದ್ರೆ ಅನ್‌ಫಿಟ್ ಅಂತ ಮಾಡಿ ಊರಿಗೆ ಕಳಿಸ್ತಾರಂತೆ. ಗುರುವಾರದ ಫ್ಲೈಟ್."

ಪ್ರಿಂಟ್ ಯಾತಕ್ಕೆಂದು ಅರ್ಥವಾಯಿತು. ಹವೆ ತಂಪಾಗಿಯೇ ಇತ್ತು, ಕೆಟ್ಟಿದ್ದು ಅವನ ದೇಹ ಎಂದು ತೋರಿಸಬೇಕಿತ್ತು. ಸಾಕ್ಷಿ ನನ್ನ ಯಂತ್ರ.

ಆ ದಿನದ ಅಂಕಿಗಳನ್ನು ಮೊದಲ ಬಾರಿಗೆ ಗೆರೆಯಾಗಿ ಎಳೆದು ನೋಡಿದೆ. ಅಲ್ಲಿಯವರೆಗೆ ಬಣ್ಣ ಮಾತ್ರ ನೋಡುತ್ತಿದ್ದೆ. ಕಪ್ಪು ಗೋಳದ ಬಿಸಿಯೂ ಗಾಳಿಯ ಬಿಸಿಯೂ ಒಂದೇ ಆಗಿದ್ದವು. ಬಿಸಿಲಿನಲ್ಲಿ ನಿಂತ ಕಪ್ಪು ಗೋಳ ಗಾಳಿಗಿಂತ ಬಹಳ ಬಿಸಿಯಾಗಲೇಬೇಕು. ಅದಕ್ಕಿಂತ ವಿಚಿತ್ರವೆಂದರೆ ಗೆರೆ ಗರಗಸದ ಹಲ್ಲಿನಂತೆ ಸಮಸಮವಾಗಿ ಇಳಿದು ಏರಿ, ಇಳಿದು ಏರಿ ಸಾಗಿತ್ತು. ಸೂರ್ಯ ಹಾಗೆ ಮಾಡುವುದಿಲ್ಲ. ಹಾಗೆ ಮಾಡುವುದು ಏ.ಸಿ. ಯಂತ್ರ; ಕೋಣೆ ತಣ್ಣಗಾದಾಗ ಅದು ತಾನೇ ನಿಂತು, ಬೆಚ್ಚಗಾದಾಗ ಮತ್ತೆ ಶುರುವಾಗುತ್ತದಲ್ಲ, ಅದರ ಗೆರೆ ಇದು. ಹಿಂದಿನ ದಿನಗಳನ್ನೂ ತೆಗೆದು ನೋಡಿದೆ. ಎಲ್ಲವೂ ಗರಗಸ. ವಾರಗಟ್ಟಲೆ ನಾನು ಕನ್ಸಲ್ಟೆಂಟರಿಗೆ ಕಳಿಸಿದ್ದು ಒಂದು ಕೋಣೆಯ ತಂಪನ್ನು.

ಪ್ರಿಂಟ್ ಕಳಿಸಲಿಲ್ಲ. ಸೈಟಿಗೆ ಹೋಗುತ್ತೇನೆ ಎಂದು ಐಟಿ ಮುಖ್ಯಸ್ಥರಿಗೆ ಹೇಳಿದೆ.

"ಸೈಟಲ್ಲಿ ನಿಮಗೇನು ಕೆಲಸ? ಅಲ್ಲಿ ಲೇಡೀಸ್ ಟಾಯ್ಲೆಟ್ ಕೂಡ ಇಲ್ಲ."

"ಗೊತ್ತು," ಎಂದೆ. ಸ್ಟೋರಿನ ಪಿಕಪ್ಪಿನಲ್ಲಿ, ಡ್ರೈವರನ ಪಕ್ಕ ಕೂತು ಹೋದೆ.

ಕ್ಯಾಬಿನ್ ಎಂದರೆ ಕಬ್ಬಿಣದ ಕಂಟೇನರಿನಂಥ ಕೋಣೆ, ಒಳಗೆ ಏ.ಸಿ. ನನ್ನ ಕೈಗಣಕ ಪ್ರಾಜೆಕ್ಟ್ ಮ್ಯಾನೇಜರರ ಮೇಜಿನ ಮೂಲೆಯಲ್ಲಿತ್ತು. ಸೆನ್ಸರಿನ ಕೋಲು ಗೋಡೆಗೆ ಒರಗಿ ನಿಂತಿತ್ತು. ಒದ್ದೆ ಬತ್ತಿಗೆ ನೀರು ಮಾತ್ರ ತಪ್ಪದೆ ಹಾಕಿದ್ದರು.

ಮ್ಯಾನೇಜರ್ ಆಗ ಇರಲಿಲ್ಲ. ಸೂಪರ್‌ವೈಸರನ್ನು ಹೊರಗೆ ಕರೆದು ಕೇಳಿದೆ. "ಇದನ್ನ ಒಂದು ದಿನವಾದ್ರೂ ಹೊರಗೆ ಇಟ್ಟಿದ್ರಾ?"

"ಮೊದಲನೇ ದಿನ ಇಟ್ಟಿದ್ದೆ ಮೇಡಂ. ಅರ್ಧ ಗಂಟೆಯಲ್ಲಿ ಬಂದ್ ಬಿತ್ತು. ಮೆಷಿನ್ ನನ್ನ ಹೆಸರಿಗೆ ಇಶ್ಯೂ ಮಾಡಿದ್ದು. ಹಾಳಾದ್ರೆ ನನ್ನ ತಲೆಗೆ ಕಟ್ತಾರೆ. ಸಾರ್ ಹೇಳಿದ್ರು, ಒಳಗೆ ಇಡಿ, ಸೂಕ್ಷ್ಮ ಐಟಂ ಅದು ಅಂತ." ಅವರು ನನ್ನ ಮುಖ ನೋಡಲಿಲ್ಲ. "ಇಲ್ಲಿ ಹಾಗೇ ಮೇಡಂ. ಸರ್ವೆಯವರ ಮೆಷಿನೂ ಮಧ್ಯಾಹ್ನ ಒಳಗೆ ಬರ್ತದೆ. ಸಹಿ ಹಾಕಿದವ ಕಾಯ್ಬೇಕು. ಜನರಿಗೆ ಯಾರೂ ಸಹಿ ಹಾಕೂದಿಲ್ಲ ಅಲ್ವಾ."

ಬಿದ್ದವನು ಪೈಪುಗಳ ರಾಶಿಯ ನೆರಳಿನಲ್ಲಿ ಕೂತಿದ್ದ. ಬಾಗಲಕೋಟೆಯ ಕಡೆಯವನು. ಅವನಿಗೆ ಆ ದಿನಗಳಲ್ಲಿ ಕೆಲಸ ಕೊಟ್ಟಿರಲಿಲ್ಲ. ನಾನು ಕನ್ನಡದಲ್ಲಿ ಮಾತನಾಡಿಸಿದ್ದಕ್ಕೆ ಎದ್ದು ನಿಂತ.

"ನಾ ನಾಟಕ ಮಾಡಿಲ್ರಿ ಅಕ್ಕಾರ. ಹೊಟ್ಟಿಗೂ ತಿಂದಿದ್ದೆ, ನೀರೂ ಕುಡಿದಿದ್ದೆ. ಹೋಗಿ ಸಾಹೇಬ್ರಿಗೆ ಹೇಳೀನಿ, ಆಗವಲ್ದು ಅಂತ. ಮಿಷಿನ್ ಹಂಗ ಹೇಳವಲ್ದು ಅಂದ್ರು." ಆಮೇಲೆ ತಗ್ಗಿದ ದನಿಯಲ್ಲಿ, "ಒಮ್ಮೆ ಅನ್‌ಫಿಟ್ ಅಂತ ಬಿತ್ತಂದ್ರ ಮತ್ತ ಯಾವ ಕಂಪನಿಯಾಂವನೂ ಕರ್ಕೊಳ್ಳಂಗಿಲ್ಲಂತ, ಖರೇ ಏನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ಮ್ಯಾನೇಜರ್ ಬಂದಾಗ ಗರಗಸದ ಗೆರೆಯನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇದೆಲ್ಲ ನಿನ್ನ ಸಾಫ್ಟ್‌ವೇರ್ ದೋಷ ಇರಬಹುದಲ್ವಾ? ಹೊರಗಿಟ್ಟು ತೋರಿಸು, ನೋಡೋಣ."

ಕೋಲನ್ನು ಟ್ರೆಂಚಿನ ಅಂಚಿನಲ್ಲಿ ನೆಟ್ಟು ಕೈಗಣಕ ತೆರೆದೆ. ಹಳದಿಗೆ ಬಂತು. ಕೆಂಪಿಗೆ ಸ್ವಲ್ಪವೇ ದೂರ ಇರುವಾಗ ಪರದೆ ಮಂಕಾಗಿ, ಬ್ಯಾಟರಿ ಬಿಸಿಯಾಗಿದೆ ಎಂಬ ಸೂಚನೆ ಮಿನುಗಿ, ಯಂತ್ರ ಆರಿಹೋಯಿತು. ಕೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತಿತ್ತು.

"ಅಯ್ಯೋ ಪಾಪ, ಒಳಗೆ ತಗೊಂಡು ಬಾಮ್ಮ, ಸುಟ್ಟುಹೋಗುತ್ತೆ," ಎಂದರು ಮ್ಯಾನೇಜರ್. ನಿಜವಾದ ಕಾಳಜಿಯಿಂದಲೇ ಹೇಳಿದರು. ಅವರ ಬೆನ್ನ ಹಿಂದೆ, ನಾಲ್ಕಾಳು ಆಳದಲ್ಲಿ, ಎಂಟು ಜನ ಪೈಪನ್ನು ಭುಜ ಕೊಟ್ಟು ಸರಿಸುತ್ತಿದ್ದರು. ಸಿಟ್ಟು ಬಂದರೆ ಅದನ್ನು ಆಡಿ ತೋರಿಸಲು ನನಗೆ ಬರುವುದಿಲ್ಲ. ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೆ.

ಪಿಕಪ್ಪಿನಲ್ಲಿ ವಾಪಸಾಗುವಾಗ ಸಮಸ್ಯೆ ಸ್ಪಷ್ಟವಾಯಿತು. ಯಂತ್ರ ಹೊರಗೆ ನಿಲ್ಲದಿದ್ದರೆ ಹಳೆಯ ಹಸಿರೇ ಸತ್ಯವಾಗಿ ಉಳಿಯುತ್ತದೆ, ಅವನು ಗುರುವಾರ ಹೋಗುತ್ತಾನೆ. ಐಟಿ ಮುಖ್ಯಸ್ಥರು, "ಹಳೆಯ ಸಿಸ್ಟಮ್ಮನ್ನೇ ವಾಪಸ್ ಹಾಕಿಬಿಡಿ, ಸೆನ್ಸರ್ ಕೈಬಿಡಿ, ಯಾಕೆ ತಲೆನೋವು," ಎಂದರು. ನಾನು ಒಪ್ಪಲಿಲ್ಲ. ಎರಡು ಕೆಲಸ ಮಾಡಿದೆ. ಮೊದಲನೆಯದು, ಸ್ಟೋರಿಗೆ ಹೋಗಿ ಆ ಕೈಗಣಕವನ್ನು ಸೂಪರ್‌ವೈಸರರ ಹೆಸರಿನಿಂದ ತೆಗೆಸಿ ನನ್ನ ಹೆಸರಿಗೆ ಹಾಕಿಸಿಕೊಂಡೆ. ಸ್ಟೋರ್‌ಕೀಪರ್ ಎರಡು ಸಲ ಕೇಳಿದ: "ಸೈಟ್ ಐಟಂ, ಆಫೀಸ್ ಸ್ಟಾಫ್ ಹೆಸರಲ್ಲಿ?" ಹೌದು ಎಂದೆ. ನನ್ನ ಹೆಸರು ಎಲ್ಲಿಯೂ ಕಾಣಿಸದಿದ್ದರೆ ನೆಮ್ಮದಿಯಾಗಿರುವವಳು ನಾನು; ಅಂದು ಅದನ್ನು ಬಿಡಿಬಿಡಿಯಾಗಿ ಹೇಳಿ ಬರೆಸಿದೆ.

ಎರಡನೆಯದು, ಯಂತ್ರ ಯಾಕೆ ಅಷ್ಟು ಕಾಯುತ್ತದೆ ಎಂದು ನೋಡುವುದು. ಬಿಸಿಲು ಒಂದೇ ಕಾರಣವಾಗಿರಲಿಲ್ಲ. ಮೇಜಿನ ಕಂಪ್ಯೂಟರಿಗೆಂದು ಮಾಡಿದ ವ್ಯವಸ್ಥೆ ತಾನು ಇನ್ನೂ ಮೇಜಿನ ಮೇಲೆಯೇ ಇದ್ದೇನೆ ಎಂದು ನಂಬಿಕೊಂಡಿತ್ತು. ಎಂದೂ ಬರದ ಪ್ರಿಂಟರಿಗಾಗಿ ಒಂದು ಸೇವೆ ಎಚ್ಚರವಿತ್ತು, ಯಾರೂ ಕಳಿಸದ ಅಂಚೆಗಾಗಿ ಇನ್ನೊಂದು. ಬ್ಯಾಟರಿ ಪೂರ್ತಿ ಇಳಿದಾಗಲೆಲ್ಲ ಗಡಿಯಾರ ಅಳಿಸಿಹೋಗುತ್ತಿತ್ತು. ಆದ್ದರಿಂದ ಪ್ರತಿ ಸಲ ಶುರುವಾದಾಗಲೂ ವ್ಯವಸ್ಥೆ ಹೊಸ ದಿನ ಬಂತೆಂದು ತಿಳಿದು ಇಡೀ ಕಾರ್ಡನ್ನು ಹುಡುಕಿ ಕಡತಗಳ ಸೂಚಿ ತಯಾರಿಸಲು ಕೂರುತ್ತಿತ್ತು. ಅವನ್ನೆಲ್ಲ ಕಿತ್ತೆ. ಭಾರದ ಡೆಸ್ಕ್‌ಟಾಪ್ ಪರಿಸರವನ್ನು ತೆಗೆದು ಕಿಟಕಿಯೊಂದನ್ನು ಮಾತ್ರ ತೋರಿಸುವ ಹಗುರವಾದದ್ದನ್ನು ಹಾಕಿದೆ. ಯಂತ್ರ ಸ್ವಲ್ಪ ತಣ್ಣಗಾಯಿತು, ಸಾಲದು.

ಪ್ರೊಸೆಸರು ಒಂದು ಕ್ಷಣವೂ ವಿರಮಿಸುತ್ತಿಲ್ಲ ಎಂದು ಮರುದಿನ ಕಂಡಿತು. ತಯಾರಕರ ಪ್ರೋಗ್ರಾಮ್ ಸೆನ್ಸರನ್ನು ಬಿಡುವೇ ಇಲ್ಲದೆ "ಬಂತಾ, ಬಂತಾ" ಎಂದು ಕೇಳುತ್ತಲೇ ಇತ್ತು. ಫ್ಯಾನ್ ಇರುವ ದೊಡ್ಡ ಕಂಪ್ಯೂಟರಿನಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಸೆನ್ಸರಿನಿಂದ ಅಂಕಿ ಬಂದಾಗ ಮಾತ್ರ ಎದ್ದು, ಓದಿ, ಮತ್ತೆ ಮಲಗುವಂತೆ ಆ ಭಾಗವನ್ನು ಹೊಸದಾಗಿ ಬರೆದೆ. ಪರದೆಯ ಬೆಳಕನ್ನು ಕೀಲಿ ಒತ್ತಿದಾಗ ಮಾತ್ರ ಹತ್ತುವಂತೆ ಮಾಡಿದೆ. ಕಪ್ಪು ಮೈಗೆ ಬಿಳಿಯ ಹೊದಿಕೆ ಹಾಕಿದೆ. ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿನ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಅದನ್ನು ಇಡೀ ಮಧ್ಯಾಹ್ನ ಬಿಟ್ಟು ಪಕ್ಕದಲ್ಲೇ ಕೊಡೆ ಹಿಡಿದು ಕೂತೆ. ಆರಲಿಲ್ಲ. ನನಗೆ ತಲೆ ಸುತ್ತಿತು.

ಬುಧವಾರ ಮತ್ತೆ ಸೈಟಿನಲ್ಲಿದ್ದೆ. ಮ್ಯಾನೇಜರ್ ಕ್ಯಾಬಿನ್ನಿನಿಂದ ಹೊರಬರಲಿಲ್ಲ. ಕೋಲನ್ನು ನೆಟ್ಟು ಯಂತ್ರವನ್ನು ಅದರ ಬುಡಕ್ಕೆ ಕಟ್ಟಿದೆ. ಬೆಳಗ್ಗೆ ಹಸಿರು, ಆಮೇಲೆ ಹಳದಿ. ಊಟದ ಹೊತ್ತಿಗೆ ಮೊದಲೇ ಕೆಂಪು.

ಸೂಪರ್‌ವೈಸರ್ ಪರದೆಯನ್ನೂ ಕ್ಯಾಬಿನ್ನಿನ ಬಾಗಿಲನ್ನೂ ನೋಡಿದರು. "ಹಾಕುದಾ ಮೇಡಂ?"

"ಮೆಷಿನ್ ನನ್ನ ಹೆಸರಲ್ಲಿದೆ. ಬಾವುಟ ನಿಮ್ಮ ಕೈಲಿದೆ."

"ಎಂಥ ಮಾರಾಯ್ರೆ ನೀವು," ಎಂದು ಸೀಟಿ ಊದಿದರು. ಬಾವುಟ ಏರಿತು. ಏಣಿಯ ಮೇಲೆ ಒಬ್ಬೊಬ್ಬರಾಗಿ ಹತ್ತಿ ಬಂದರು. ಬೆವರು ಮಣ್ಣುಗಳಲ್ಲಿ ಅವರ ಅಂಗಿಗಳ ಬಣ್ಣವೇ ತಿಳಿಯುತ್ತಿರಲಿಲ್ಲ. ಒಬ್ಬ ಮಣ್ಣಿನ ಮೇಲೆ ಹಾಗೇ ಅಂಗಾತ ಮಲಗಿದ.

ಸೀಟಿ ಕೇಳಿ ಮ್ಯಾನೇಜರ್ ಬಂದರು. "ಯಾರು ನಿಲ್ಲಿಸಿದ್ದು ಕೆಲಸ?"

ಪರದೆ ತೋರಿಸಿದೆ. ನೋಡಿದರು. "ಸರಿ, ಇವತ್ತು ಸೆಕೆ ಇದೆ. ಅವನು ಬಿದ್ದ ದಿನ ಇರಲಿಲ್ಲ. ಆ ದಿನದ ರೀಡಿಂಗ್ ಬೇರೆ ಅಲ್ವಾ?"

ಈ ಮಾತಿಗೆ ನಾನು ಸಿದ್ಧಳಾಗಿಯೇ ಬಂದಿದ್ದೆ. ಸ್ಟೋರಿನಲ್ಲಿ ಮಿಕ್ಕಿದ್ದ ಎರಡನೆಯ ಸೆನ್ಸರನ್ನು ಬೆಳಗ್ಗೆಯೇ ಕ್ಯಾಬಿನ್ನಿನೊಳಗೆ, ಅದೇ ಗೋಡೆಗೆ ಒರಗಿಸಿ, ನನ್ನ ಲ್ಯಾಪ್‌ಟಾಪಿಗೆ ಜೋಡಿಸಿಟ್ಟಿದ್ದೆ. ಅವರನ್ನು ಒಳಗೆ ಕರೆದು ಮೂರು ಗೆರೆಗಳನ್ನು ಪಕ್ಕಪಕ್ಕ ಇಟ್ಟೆ: ಟ್ರೆಂಚಿನ ಇಂದಿನದು, ಕ್ಯಾಬಿನ್ನಿನ ಇಂದಿನದು, ಅವನು ಬಿದ್ದ ದಿನದ್ದು. ಕೊನೆಯ ಎರಡು ಅಣ್ಣತಮ್ಮಂದಿರಂತಿದ್ದವು, ಹಲ್ಲಿಗೆ ಹಲ್ಲು. ಆ ಹೊತ್ತಿಗೆ ಗೋಡೆಯ ಏ.ಸಿ. ಗಡಗಡ ಸದ್ದು ಮಾಡಿ ಶುರುವಾಯಿತು. ಪರದೆಯ ಮೇಲಿನ ಗೆರೆ ನಮ್ಮ ಕಣ್ಣೆದುರೇ ಕೆಳಗೆ ಬಾಗತೊಡಗಿತು. ನಾವಿಬ್ಬರೂ ಅದನ್ನೇ ನೋಡಿದೆವು.

"ಹಾಗಾದ್ರೆ ಸೂಪರ್‌ವೈಸರ್‌ದೇ ತಪ್ಪು," ಎಂದರು ಮ್ಯಾನೇಜರ್.

"ಒಳಗಿಡಿ ಅಂದಿದ್ದು ನೀವು ಅಂತ ಕೇಳಿದ್ದೀನಿ ಸರ್."

ಅವರು ದನಿ ಬದಲಿಸಿದರು. "ನೋಡಮ್ಮ, ನಮ್ಮೂರ ಹುಡುಗಿ ಅಂತ ಹೇಳ್ತಾ ಇದ್ದೀನಿ. ಹೊರಗಿನವರಿಗೆ ಇದೆಲ್ಲ ಬೇಡ. ಮಾಫಿ ಮುಷ್ಕಿಲ್, ತೊಂದರೆ ಏನಿಲ್ಲ, ಇವತ್ತಿಂದ ಹೊರಗಿಡೋಣ. ಹಳೇದು ಖಲಾಸ್."

"ಹಳೇದು ಖಲಾಸ್ ಆಗ್ಬೇಕಾದ್ರೆ ಬಿದ್ದವರ ಅನ್‌ಫಿಟ್ಟೂ ಖಲಾಸ್ ಆಗ್ಬೇಕು. ಕನ್ಸಲ್ಟೆಂಟ್ ಅವರಿಗೆ ರೀಡಿಂಗ್ ಕಳಿಸೋಳು ನಾನು. ಇಷ್ಟು ವಾರದ್ದು ಕ್ಯಾಬಿನ್ನಿನದು ಅಂತ ಇವತ್ತು ಬರೀತೀನಿ. ಅದನ್ನ ನಾನು ಬರೆಯೋದಂತೂ ಖಂಡಿತ. ಅದನ್ನ ಓದಿದ ಮೇಲೆ, ಆ ರೀಡಿಂಗ್ ತೋರಿಸಿ ಒಬ್ಬರನ್ನ ಊರಿಗೆ ಕಳಿಸಿದ್ದೀವಿ ಅಂತಲೂ ಅವರಿಗೆ ಗೊತ್ತಾಗ್ಬೇಕಾ ಅನ್ನೋದು ನಿಮಗೆ ಬಿಟ್ಟಿದ್ದು."

ಇಷ್ಟುದ್ದದ ಮಾತನ್ನು ನಾನು ಆ ಕಂಪನಿಯಲ್ಲಿ ಅದಕ್ಕೂ ಮೊದಲು ಆಡಿರಲಿಲ್ಲ.

ಅವರು ಫೋನ್ ತೆಗೆದು ಕಚೇರಿಯವರಿಗೆ, ಗುರುವಾರದ ಟಿಕೆಟ್ ಬೇಡ, ಆ ಮನುಷ್ಯ ಇರಲಿ, ಅನ್‌ಫಿಟ್ ಅನ್ನೋದನ್ನೂ ತೆಗೆದುಹಾಕಿ ಎಂದರು. ಕಾರಣ ಏನೆಂದು ಆ ಕಡೆಯಿಂದ ಕೇಳಿರಬೇಕು. "ಹವೆ," ಎಂದರು. ಅಷ್ಟೇ.

ಕನ್ಸಲ್ಟೆಂಟರಿಗೆ ಅದೇ ಮಧ್ಯಾಹ್ನ ಬರೆದೆ. ಮುಂದಿನ ವಾರದಿಂದ ಅವರ ಒಬ್ಬ ಇನ್‌ಸ್ಪೆಕ್ಟರ್ ದಿನವೂ ಬಂದು ಕೋಲು ಎಲ್ಲಿ ನೆಟ್ಟಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಕೆಂಪು ಬಾವುಟ ಹಲವು ದಿನ ಏರಿತು. ಬಾಗಲಕೋಟೆಯವನು ಗ್ಯಾಂಗಿಗೆ ಮರಳಿದ. ಇದೆಲ್ಲ ಆಮೇಲಿನದು. ಆ ಬುಧವಾರ ನಾನು ಲ್ಯಾಪ್‌ಟಾಪ್ ಮಡಚಿ ಹೊರಡುವಾಗ ಮ್ಯಾನೇಜರ್ ಬಾಗಿಲವರೆಗೆ ಬಂದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬುದ್ಧಿ ಹೇಳುವ ಹಿರಿಯರ ಬೇಸರವಿತ್ತು.

"ಇಷ್ಟೆಲ್ಲ ರಗಳೆ ಬೇಕಿತ್ತೇನಮ್ಮ? ಮೊದಲೇ ನನ್ನ ಹತ್ರ ಬಂದು, ಸರ್, ಹೊರಗೆ ಸೆಕೆ ತಡೆಯೋಕಾಗ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಕೇಳ್ತಿರಲಿಲ್ವಾ?"

ಹೊರಗೆ, ಪೈಪುಗಳ ನೆರಳಿನಲ್ಲಿ, ಬಾಗಲಕೋಟೆಯವನು ಉಳಿದವರ ನಡುವೆ ಕೂತು ನೀರಿನ ಕ್ಯಾನನ್ನು ಪಕ್ಕದವನಿಗೆ ದಾಟಿಸುತ್ತಿದ್ದ.

"ಅವರು ಬಂದು ಹೇಳಿದ್ರು ಸರ್," ಎಂದೆ. "ಇದೇ ಬಾಗಿಲಲ್ಲಿ ನಿಂತು."